ಮೂರು ಸಲ ತೊಳೆದ ಕಂಡೆನ್ಸರ್

ಇದು ಚಿತ್ರದುರ್ಗ ಜಿಲ್ಲೆಯ ಒಂದು ಎಣ್ಣೆ ಘಟಕದಲ್ಲಿ ನಡೆದದ್ದು. ಊರು, ಮಾಲೀಕರು, ಕೆಲಸಗಾರರು ಯಾರ ಹೆಸರೂ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಯಂತ್ರದ ಅಳತೆಗಳನ್ನು ಸ್ವಲ್ಪ ಅತ್ತಿತ್ತ ಮಾಡಿದ್ದೇನೆ. ಆದರೆ ಮಾಡಿದ ತಪ್ಪುಗಳನ್ನು ಮಾತ್ರ ಇದ್ದ ಹಾಗೇ ಬರೆದಿದ್ದೇನೆ. ಅದರಲ್ಲಿ ಒಂದು ನನ್ನದು. ಅದು ಯಾವುದು ಅಂತ ಮುಂದೆ ಗೊತ್ತಾಗುತ್ತದೆ.

ಘಟಕದ ಹಿನ್ನೆಲೆ

ಶೇಂಗಾವನ್ನು ಎಕ್ಸ್‌ಪೆಲ್ಲರ್‌ನಲ್ಲಿ ಎಷ್ಟು ಹಿಂಡಿದರೂ ಹಿಂಡಿಯಲ್ಲಿ ನೂರಕ್ಕೆ 6ರಿಂದ 8 ಭಾಗ ಎಣ್ಣೆ ಉಳಿದುಬಿಡುತ್ತದೆ. ಅದನ್ನೂ ಬಿಡಬಾರದು ಅಂತ ಹಿಂಡಿಯನ್ನು ಹೆಕ್ಸೇನ್ ಎಂಬ ಸಾಲ್ವೆಂಟ್‌ನಲ್ಲಿ ತೊಳೆಯುತ್ತಾರೆ. ಹೆಕ್ಸೇನ್ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಆಮೇಲೆ ಬಿಸಿ ಮಾಡಿದರೆ ಹೆಕ್ಸೇನ್ ಆವಿಯಾಗಿ ಹೋಗುತ್ತದೆ, ಎಣ್ಣೆ ಕೆಳಗೆ ಉಳಿಯುತ್ತದೆ. ಆ ಆವಿಯನ್ನು ತಣ್ಣಗೆ ಮಾಡಿ ಮತ್ತೆ ದ್ರವ ಮಾಡಿ, ಮತ್ತೆ ಅದೇ ಕೆಲಸಕ್ಕೆ ಹಚ್ಚಬೇಕು. ಈ ತಣ್ಣಗೆ ಮಾಡುವ ಯಂತ್ರವೇ ಕಂಡೆನ್ಸರ್. ದೊಡ್ಡ ಕೊಳವೆಯೊಳಗೆ ನೂರಾರು ಸಣ್ಣ ಟ್ಯೂಬುಗಳು. ಟ್ಯೂಬಿನ ಒಳಗೆ ಕೂಲಿಂಗ್ ಟವರ್ ನೀರು, ಹೊರಗೆ ಹೆಕ್ಸೇನ್ ಆವಿ.

ಈ ಘಟಕದಲ್ಲಿ ದಿನಕ್ಕೆ 100 ಟನ್ ಹಿಂಡಿ ಓಡುತ್ತಿತ್ತು. ಮುಖ್ಯ ಕಂಡೆನ್ಸರ್‌ನಲ್ಲಿ 4 ಮೀಟರ್ ಉದ್ದದ 220 ಟ್ಯೂಬು, ಎಲ್ಲವೂ ಸಾದಾ ಕಬ್ಬಿಣದ್ದು. ಅದರಾಚೆ ಇನ್ನೊಂದು ಸಣ್ಣ ವೆಂಟ್ ಕಂಡೆನ್ಸರ್, 96 ಟ್ಯೂಬು, ಸ್ಟೇನ್‌ಲೆಸ್ ಸ್ಟೀಲ್ 304. ಮೊದಲನೆಯದರಲ್ಲಿ ತಪ್ಪಿಸಿಕೊಂಡ ಆವಿಯನ್ನು ಗಾಳಿಗೆ ಹೋಗುವ ಮುಂಚೆ ಹಿಡಿಯುವುದು ಇದರ ಕೆಲಸ. ಒಂದು ಕಬ್ಬಿಣ, ಇನ್ನೊಂದು ಸ್ಟೀಲ್. ಈ ಮಾತು ನೆನಪಿರಲಿ.

ನೀರು ಬೋರ್‌ವೆಲ್‌ನದು. ನಮ್ಮ ಕಡೆ ನೀರಿನ ಕತೆ ಹೇಳಬೇಕಾಗಿಲ್ಲ. ಮಾರಿಕಣಿವೆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರ ತನಕ ಕಾಯಬೇಕಾಯಿತು. ಅಂಥ ಸೀಮೆಯಲ್ಲಿ ಯಾರ ಮನೆಯಲ್ಲೂ ನೀರನ್ನು ಸುಮ್ನೆ ಹರಿಯಲು ಬಿಡುವುದಿಲ್ಲ. ಈ ಪ್ರಕರಣದ ಬೇರು ಇರುವುದೂ ಅಲ್ಲೇ.

ಬಿಸಿಲಿನ ಮೇಲೆ ಹಾಕಿದ ತಪ್ಪು

ಫೆಬ್ರವರಿ ಕೊನೆಯಲ್ಲಿ ಹೆಕ್ಸೇನ್ ಖರ್ಚು ಏರುತ್ತಿರುವುದು ಕಣ್ಣಿಗೆ ಬಿತ್ತು. ಜನವರಿಯಲ್ಲಿ ಟನ್ ಹಿಂಡಿಗೆ 4 ಲೀಟರ್ ಹೋಗುತ್ತಿದ್ದದ್ದು ಮಾರ್ಚ್ ಎರಡನೇ ವಾರಕ್ಕೆ 7 ಲೀಟರ್ ಆಯಿತು. ದಿನಕ್ಕೆ 300 ಲೀಟರ್ ಹೆಚ್ಚು. ಲೀಟರಿಗೆ 80 ರೂಪಾಯಿ ಅಂತ ಹಿಡಿದರೂ ದಿನಕ್ಕೆ 24,000 ರೂಪಾಯಿ ಗಾಳಿಗೆ ಹೋಗುತ್ತಿತ್ತು. ಗಾಳಿಗೆ ಅಂದರೆ ಮಾತಿಗೆ ಹೇಳಿದ್ದಲ್ಲ, ನಿಜವಾಗಿಯೂ ವೆಂಟ್ ಪೈಪಿನಿಂದ ಗಾಳಿಗೇ.

ವೆಂಟ್‌ನಲ್ಲಿ ಮೊದಲು 38 ಡಿಗ್ರಿ ಇರುತ್ತಿದ್ದ ಗಾಳಿ ಈಗ 48 ಡಿಗ್ರಿ ತೋರಿಸುತ್ತಿತ್ತು. ಹತ್ತು ಡಿಗ್ರಿ ಏನು ಮಹಾ ಅನ್ನಿಸಬಹುದು. ಹೆಕ್ಸೇನ್ ಕುದಿಯುವುದೇ 65ರಿಂದ 69 ಡಿಗ್ರಿಯಲ್ಲಿ. ಅದರ ಹತ್ತಿರ ಹೋದಷ್ಟೂ ಆವಿ ಜಾಸ್ತಿ. 38ರಿಂದ 48ಕ್ಕೆ ಏರಿದರೆ ಹೊರಗೆ ಹೋಗುವ ಅಷ್ಟೇ ಗಾಳಿ ಸುಮಾರು ಎರಡರಷ್ಟು ಹೆಕ್ಸೇನನ್ನು ಹೊತ್ತುಕೊಂಡು ಹೋಗುತ್ತದೆ.

ಎಲ್ಲರೂ ಬಿಸಿಲನ್ನು ಬೈದರು. "ದುರ್ಗದ ಬಿಸಿಲು ಸಾರ್, ಕಲ್ಲೇ ಕಾಯ್ತದೆ, ನೀರು ಕಾಯಲ್ವಾ?" ಎಂದು ಮೇಂಟೆನೆನ್ಸ್ ನೋಡಿಕೊಳ್ಳುವವರು ಫೋನಿನಲ್ಲಿ ಹೇಳಿದರು. ಕೇಳಲು ಸರಿ ಅನಿಸುತ್ತದೆ. ಆದರೆ ಕೂಲಿಂಗ್ ಟವರ್ ನಮ್ಮ ಮನೆಯ ಮಣ್ಣಿನ ಮಡಕೆ ಇದ್ದ ಹಾಗೆ. ನೀರು ಆವಿಯಾಗುತ್ತಾ ಉಳಿದ ನೀರನ್ನು ತಣ್ಣಗೆ ಮಾಡುತ್ತದೆ. ಮಡಕೆ ನೀರು ಚೆನ್ನಾಗಿ ತಣ್ಣಗಾಗುವುದು ಒಣ ಬೇಸಿಗೆಯಲ್ಲಿ, ಆಷಾಢದ ಜಿಟಿಜಿಟಿಯಲ್ಲಲ್ಲ. ಟವರಿಗೂ ಅಷ್ಟೇ. ಬಿಸಿಲು ಎಷ್ಟಿದೆ ಅನ್ನುವುದಕ್ಕಿಂತ ಗಾಳಿ ಎಷ್ಟು ಒಣಗಿದೆ ಅನ್ನುವುದೇ ಅದಕ್ಕೆ ಮುಖ್ಯ. ಆಮೇಲೆ ಅಳೆದು ನೋಡಿದಾಗ ಟವರಿನಿಂದ ಬರುವ ನೀರು 29 ಡಿಗ್ರಿ ಇತ್ತು. ನೀರು ತಣ್ಣಗೇ ಬರುತ್ತಿತ್ತು, ಆದರೆ ಆ ತಂಪು ಟ್ಯೂಬಿನ ಗೋಡೆ ದಾಟುತ್ತಿರಲಿಲ್ಲ.

ಮೊದಲ ಎರಡು ತೊಳೆತ

ಮೊದಲ ಸಲ ಘಟಕದವರೇ ತೊಳೆದರು. ಒಂದು ಭಾನುವಾರ ನಿಲ್ಲಿಸಿ, ನೀರಿನ ಕಡೆಯ ಕವರ್ ಬಿಚ್ಚಿ, ರಾಡಿಗೆ ಬ್ರಷ್ ಕಟ್ಟಿ 220 ಟ್ಯೂಬಿಗೂ ಹೊಡೆದರು. ಬಕೆಟ್‌ಗಟ್ಟಲೆ ಹಸಿರು ಲೋಳೆ, ಕೆಸರು ಬಂತು. ಮಾರನೇ ದಿನ ವೆಂಟ್ 43ಕ್ಕೆ ಇಳಿಯಿತು. ಎಲ್ಲರಿಗೂ ಖುಷಿ. ಹನ್ನೆರಡು ದಿನದಲ್ಲಿ ಮತ್ತೆ 48.

ಬ್ರಷ್ ತೆಗೆದದ್ದು ಮೇಲಿನ ಮೆತ್ತನೆ ಪದರವನ್ನು. ಅದರ ಕೆಳಗೆ ಗಟ್ಟಿ ಪದರ ಹಾಗೇ ಇತ್ತು. ಲೋಳೆ ಕಡಿಮೆಯದೇನಲ್ಲ. ಅದರ ತುಂಬಾ ನೀರೇ ಇರುವುದರಿಂದ ಅಷ್ಟೇ ದಪ್ಪದ ಸುಣ್ಣದ ಪದರಕ್ಕಿಂತಲೂ ಹೆಚ್ಚಾಗಿ ಶಾಖಕ್ಕೆ ಅಡ್ಡ ನಿಲ್ಲುತ್ತದೆ. ಆದ್ದರಿಂದಲೇ ತೆಗೆದ ಕೂಡಲೇ ಐದು ಡಿಗ್ರಿ ಇಳಿಯಿತು, ಜನ ಮೋಸ ಹೋದರು.

ಆಗ ಮಾಲೀಕರು ನನಗೆ ಫೋನ್ ಮಾಡಿದರು. ನಾನು ದಾವಣಗೆರೆಯಲ್ಲಿ ಬೇರೆ ಕೆಲಸದಲ್ಲಿದ್ದೆ. "ಇಂಜಿನಿಯರ್ರೇ, ಆ್ಯಸಿಡ್ ಹೊಡೆಸಲಾ?" ಅಂತ ಕೇಳಿದರು. ನಾನು ನಿಂತಲ್ಲೇ "ಬೋರ್ ನೀರಲ್ವಾ, ಸುಣ್ಣ ಕಟ್ಟಿರುತ್ತೆ. ಹೊಡೆಸಿ, ಸರಿ ಹೋಗುತ್ತೆ" ಅಂದುಬಿಟ್ಟೆ. ನೋಡಲಿಲ್ಲ, ಟ್ಯೂಬಿನೊಳಗೆ ಕಟ್ಟಿದ ಪದರದ ಒಂದು ಚೂರು ಹಕ್ಕಳೆ ತರಿಸಿ ಪರೀಕ್ಷೆ ಮಾಡಲಿಲ್ಲ. ಆರಂಭದಲ್ಲಿ ಹೇಳಿದ ನನ್ನ ತಪ್ಪು ಇದೇ. ಮುಂದಿನ ಅನಾಹುತದಲ್ಲಿ ಅರ್ಧ ಪಾಲು ಆ ಎರಡು ನಿಮಿಷದ ಮಾತಿನದು.

ಗುತ್ತಿಗೆದಾರರೊಬ್ಬರು ನಾಲ್ಕು ಕ್ಯಾನ್ ಹೈಡ್ರೋಕ್ಲೋರಿಕ್ ಆ್ಯಸಿಡ್, ಒಂದು ಪಂಪು, ಎರಡು ಹೋಸ್ ಪೈಪು ತಂದರು. ಮುಖ್ಯ ಕಂಡೆನ್ಸರ್‌ಗೆ ಮೂರು ಕ್ಯಾನ್ ತಿರುಗಿಸಿದರು. ಮೊದಲ ಎರಡು ಗಂಟೆ ಬುರುಬುರು ನೊರೆ. ಆಮೇಲೆ ನೊರೆ ನಿಂತಿತು. "ಕ್ಲೀನ್ ಆಯ್ತು" ಅಂದರು. ಉಳಿದ ಒಂದು ಕ್ಯಾನನ್ನು "ಹೆಂಗೂ ಇದೆಯಲ್ಲ" ಅಂತ ವೆಂಟ್ ಕಂಡೆನ್ಸರ್‌ಗೂ ಬಿಟ್ಟರು. ಸಂಜೆ ನೀರಿನಲ್ಲಿ ಒಂದು ಸಲ ತೊಳೆದು ಹೊರಟರು. ಅಷ್ಟರಲ್ಲಿ ಬಾಯ್ಲರ್‌ನಲ್ಲಿ ಏನೋ ಕೆಲಸ ಬಂದು ಘಟಕ ಎರಡು ದಿನ ಶುರುವಾಗಲಿಲ್ಲ. ಆ ಎರಡು ದಿನ ವೆಂಟ್ ಕಂಡೆನ್ಸರ್‌ನೊಳಗೆ ಆ್ಯಸಿಡ್ ಬೆರೆತ ನೀರು ನಿಂತೇ ಇತ್ತು.

ಇಲ್ಲಿ ಎರಡು ಲೆಕ್ಕ ತಪ್ಪಿದವು.

ಒಂದು ಕೆ.ಜಿ. ಸುಣ್ಣದ ಪದರ ಕರಗಲು ಅಂಗಡಿಯಲ್ಲಿ ಸಿಗುವ 33 ಪರ್ಸೆಂಟ್ ಆ್ಯಸಿಡ್ ಸುಮಾರು 2.2 ಕೆ.ಜಿ. ಬೇಕು. ಮುಖ್ಯ ಕಂಡೆನ್ಸರ್‌ನ ಟ್ಯೂಬುಗಳ ಒಳಮೈ ಎಲ್ಲಾ ಸೇರಿ 58 ಚದರ ಮೀಟರ್. ಪದರ ಬರೀ ಒಂದು ಮಿಲಿಮೀಟರ್ ದಪ್ಪ ಅಂದುಕೊಂಡರೂ ಸುಮಾರು 140 ಕೆ.ಜಿ. ಆಗುತ್ತದೆ. ಅದೆಲ್ಲ ಸುಣ್ಣವೇ ಆಗಿದ್ದರೆ 300 ಕೆ.ಜಿ. ಆ್ಯಸಿಡ್ ಬೇಕಿತ್ತು. ಹಾಕಿದ್ದು ಮೂರು ಕ್ಯಾನ್, ಅಂದರೆ 120 ಕೆ.ಜಿ. ಆಸುಪಾಸು. ನೊರೆ ನಿಂತದ್ದು ಪದರ ಮುಗಿದಿದ್ದಕ್ಕಲ್ಲ. ಆ್ಯಸಿಡ್ ಸತ್ತುಹೋಗಿತ್ತು. ಅರ್ಧ ಗಂಟೆಗೊಮ್ಮೆ ಆ್ಯಸಿಡ್ಡಿನ ಬಲ ಎಷ್ಟಿದೆ ಅಂತ ಅಳೆದಿದ್ದರೆ ಗೊತ್ತಾಗುತ್ತಿತ್ತು. ಯಾರೂ ಅಳೆಯಲಿಲ್ಲ.

ಎರಡನೆಯದು ಇನ್ನೂ ದುಬಾರಿ. ಸ್ಟೇನ್‌ಲೆಸ್ ಸ್ಟೀಲಿಗೆ ಹೈಡ್ರೋಕ್ಲೋರಿಕ್ ಆ್ಯಸಿಡ್ ಹಾಕಲೇಬಾರದು. ತುಕ್ಕು ಹಿಡಿಯದ ಸ್ಟೀಲ್ ಅನ್ನುವ ಹೆಸರು ಕೇಳಿ ಎಲ್ಲ ತಡೆಯುತ್ತದೆ ಅಂದುಕೊಳ್ಳುತ್ತೇವೆ. ಆದರೆ ಈ ಆ್ಯಸಿಡ್ಡಿನಲ್ಲಿರುವ ಕ್ಲೋರೈಡ್ ಸ್ಟೀಲಿನ ಮೇಲಿನ ತೆಳು ರಕ್ಷಣೆಯನ್ನೇ ಒಡೆದು, ಸೂಜಿ ಮೊನೆಯಷ್ಟು ಜಾಗದಲ್ಲಿ ಕೂತು ಒಳಗೊಳಗೇ ಕೊರೆಯುತ್ತದೆ. ಹೊರಗಿನಿಂದ ಟ್ಯೂಬು ಥಳಥಳ ಹೊಳೆಯುತ್ತಿರುತ್ತದೆ.

ಮೂರು ವಾರ ಚೆನ್ನಾಗಿ ಓಡಿತು. ವೆಂಟ್ 41 ಡಿಗ್ರಿ. ನಾಲ್ಕನೇ ವಾರದಲ್ಲಿ ಹೊಸ ಕಾಯಿಲೆ. ಹೆಕ್ಸೇನ್ ಮತ್ತು ನೀರು ಬೇರೆಯಾಗುವ ಸೆಪರೇಟರ್ ತೊಟ್ಟಿಯಲ್ಲಿ ನೀರು ಲೆಕ್ಕಕ್ಕಿಂತ ಜಾಸ್ತಿ ಬರತೊಡಗಿತು. ಟ್ಯೂಬಿನಲ್ಲಿ ನೀರಿನ ಒತ್ತಡ ಹೆಚ್ಚು, ಹೊರಗಿನ ಆವಿಯ ಕಡೆ ಕಡಿಮೆ. ತೂತು ಬಿದ್ದರೆ ನೀರೇ ಆ ಕಡೆ ನುಗ್ಗುತ್ತದೆ. ಜೊತೆಗೆ ವೆಂಟ್ ಮತ್ತೆ 46.

ಮೂರನೇ ಸಲ: ಮೊದಲ ದಿನ ಏನನ್ನೂ ಮುಟ್ಟಲಿಲ್ಲ

ಯುಗಾದಿ ಆಗಿ ನಾಲ್ಕು ದಿನಕ್ಕೆ ನಾನು ಹೋದೆ. ಮಾಲೀಕರಿಗೆ ಬೇಗ ಬಿಚ್ಚಿ ಬೇಗ ಮುಚ್ಚಬೇಕಿತ್ತು. ಗೋಡೌನ್ ತುಂಬಾ ಹಿಂಡಿ. ನಾನು ಒಂದು ದಿನ ಕೊಡಿ ಅಂದೆ.

ಮೊದಲು ಲಾಗ್‌ಬುಕ್ ತೆಗೆದೆ. ವೆಂಟ್ ಉಷ್ಣತೆಯ ಕಾಲಂನಲ್ಲಿ ಫೆಬ್ರವರಿ ಇಡೀ ತಿಂಗಳು 38, 38, 38. ಒಂದೇ ಪೆನ್ನು, ಒಂದೇ ಕೈ. ಮೂರು ಶಿಫ್ಟಿನದನ್ನು ಬೆಳಿಗ್ಗೆ ಒಟ್ಟಿಗೇ ಕೂತು ಬರೆದದ್ದು ಅಂತ ಸಣ್ಣ ಹುಡುಗನಿಗೂ ಗೊತ್ತಾಗುತ್ತದೆ. ಕಾಯಿಲೆ ಯಾವಾಗ ಶುರುವಾಯಿತು ಅಂತ ಹೇಳಬೇಕಾದ ಪುಸ್ತಕವೇ ಬಾಯಿ ಮುಚ್ಚಿಕೊಂಡಿತ್ತು. ಹಾಗಾಗಿ ಹೆಕ್ಸೇನ್ ಟ್ಯಾಂಕರ್ ಬಿಲ್ಲುಗಳನ್ನು ತರಿಸಿ ತಾರೀಖು ಹೊಂದಿಸಿದೆ. ಬಿಲ್ಲು ಸುಳ್ಳು ಹೇಳುವುದಿಲ್ಲ. ಖರ್ಚು ಏರಲು ಶುರುವಾದದ್ದು ಫೆಬ್ರವರಿ ಮಧ್ಯದಲ್ಲಿ.

ಆಮೇಲೆ ಮೇಂಟೆನೆನ್ಸ್‌ನವರಿಂದ ಟ್ಯೂಬಿನ ತುದಿಗಳನ್ನು ಹಿಡಿದಿಡುವ ತಟ್ಟೆಯ, ಅಂದರೆ ಟ್ಯೂಬ್ ಶೀಟಿನ, ಅಂಚಿನಲ್ಲಿ ಹಿಂದೆ ಉದುರಿದ್ದ ಒಂದು ಹಕ್ಕಳೆ ಕೇಳಿ ಪಡೆದೆ. ಪುಣ್ಯಕ್ಕೆ ಅಲ್ಲಿನ ಹಳೇ ಫಿಟ್ಟರ್, ಎಲ್ಲರೂ "ಮಾಮ" ಅಂತ ಕರೆಯುವವರು, ಅದನ್ನು ಗುಟ್ಕಾ ಡಬ್ಬಿಯಲ್ಲಿ ಹಾಕಿಟ್ಟಿದ್ದರು. ಹೆಬ್ಬೆರಳಿನ ಉಗುರಿನಷ್ಟು ಅಗಲ. ಅಡ್ಡಕ್ಕೆ ಮುರಿದು ಬೆಳಕಿಗೆ ಹಿಡಿದರೆ ಪದರ ಪದರ ಕಾಣುತ್ತಿತ್ತು. ಟ್ಯೂಬಿಗೆ ಅಂಟಿದ್ದ ಕಡೆ ಹಾಲಿನಂತೆ ಬಿಳಿ. ಮೇಲಕ್ಕೆ ಬಂದ ಹಾಗೆ ಬೂದಿ ಬಣ್ಣ, ಗಾಜಿನ ಹಾಗೆ ಗಡುಸು.

ಕ್ಯಾಂಟೀನಿನಿಂದ ಒಂದು ಗಾಜಿನ ಲೋಟ ತರಿಸಿ, ತಿಳಿ ಆ್ಯಸಿಡ್ ಹಾಕಿ, ಚೂರನ್ನು ಬಿಟ್ಟೆವು. ಚುರ್ ಅಂತ ಗುಳ್ಳೆ ಎದ್ದಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಗುಳ್ಳೆ ನಿಂತಿತು. ಇನ್ನಷ್ಟು ಆ್ಯಸಿಡ್ ಹಾಕಿದರೂ ಏನೂ ಆಗಲಿಲ್ಲ. ತಳದಲ್ಲಿ ಬೂದಿ ಬಣ್ಣದ ಸಿಪ್ಪೆ ಹಾಗೇ ಕೂತಿತ್ತು. ತೂಕದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ. ಬೆರಳಲ್ಲಿ ತಿಕ್ಕಿದರೆ ಮರಳಿನಂತೆ ಗರಗರ.

"ಇದೇನ್ ಸಾರ್, ಕಲ್ಲಾ?" ಅಂದರು ಮಾಮ.

ಹೌದು, ಒಂದು ಲೆಕ್ಕದಲ್ಲಿ ಕಲ್ಲೇ. ಸಿಲಿಕಾ. ಲ್ಯಾಬಿಗೆ ಕಳಿಸಿದಾಗಲೂ ಅದೇ ಬಂತು. ಸಿಲಿಕಾಕ್ಕೆ ಹೈಡ್ರೋಕ್ಲೋರಿಕ್ ಆ್ಯಸಿಡ್ ಏನೂ ಮಾಡಲಾರದು. ಒಂದು ಲೋಟ, ಅರ್ಧ ಗಂಟೆ. ನಾನು ಫೋನಿನಲ್ಲಿ ಮಾತಾಡುವ ಬದಲು ಈ ಪರೀಕ್ಷೆ ಮಾಡಿಸಿದ್ದರೆ ಎರಡನೇ ತೊಳೆತದ ಖರ್ಚೂ ಉಳಿಯುತ್ತಿತ್ತು, ಸ್ಟೀಲ್ ಟ್ಯೂಬೂ ಉಳಿಯುತ್ತಿದ್ದವು.

ಚರಂಡಿಯ ಗರಿಕೆ

ಸಿಲಿಕಾ ಇದೆ ಅಂತ ಗೊತ್ತಾಯಿತು. ಎಲ್ಲಿಂದ ಬಂತು? ಬೋರ್ ನೀರಿನ ಹಳೇ ರಿಪೋರ್ಟ್‌ನಲ್ಲಿ ಸಿಲಿಕಾ 45 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ನೀರಿಗೆ 45 ಭಾಗ. ಅಷ್ಟಕ್ಕೇ ಕಟ್ಟುವುದಿಲ್ಲ. 150 ದಾಟಿದ ಮೇಲೆ ನೀರು ಅದನ್ನು ಹಿಡಿದಿಟ್ಟುಕೊಳ್ಳಲು ಕಷ್ಟಪಡುತ್ತದೆ.

ಸಂಜೆ ಟೀ ಕುಡಿದು ಟವರಿನ ಸುತ್ತ ಒಂದು ಸುತ್ತು ಹಾಕಿದೆ. ಟವರ್ ತೊಟ್ಟಿಯಿಂದ ಕಾಂಪೌಂಡಿನ ಆಚೆಗೆ ಒಂದು ಸಣ್ಣ ಚರಂಡಿ. ಇಂಥ ಚರಂಡಿಯಲ್ಲಿ ಬೇಸಿಗೆಯಲ್ಲೂ ಗರಿಕೆ, ಜೊಂಡು ಬೆಳೆದಿರಬೇಕು. ಇಲ್ಲಿಯೂ ಬೆಳೆದಿತ್ತು. ಆದರೆ ಎಲ್ಲ ಒಣಗಿ ಹುಲ್ಲುಕಡ್ಡಿಯಾಗಿತ್ತು. ಬುಡದ ಮಣ್ಣು ಬಿರುಕು ಬಿಟ್ಟು ಮೇಲೆ ಬಿಳಿ ಉಪ್ಪು. ಅಂದರೆ ಇಲ್ಲಿ ನೀರು ಹರಿಯುತ್ತಿತ್ತು, ಈಗ ಹರಿಯುತ್ತಿಲ್ಲ.

ನೀರಿನಲ್ಲಿ ಎಷ್ಟು ಉಪ್ಪು, ಖನಿಜ ಕರಗಿದೆ ಅಂತ ತೋರಿಸುವ ಟಿಡಿಎಸ್ ಮೀಟರನ್ನು ಜೇಬಿನಿಂದ ತೆಗೆದು ಬೋರ್ ನೀರು ಅಳೆದೆ: 1,100. ಟವರ್ ತೊಟ್ಟಿಯ ನೀರು: 8,200.

ಸಾರು ಕುದಿಸುತ್ತಾ ಹೋದರೆ ನೀರು ಆರಿ ಉಪ್ಪು ಉಳಿಯುತ್ತದೆ, ಅಲ್ವಾ? ಕೂಲಿಂಗ್ ಟವರ್‌ನಲ್ಲಿಯೂ ಹಾಗೇ. ಆವಿಯಾಗುವುದು ಬರೀ ನೀರು. ಸುಣ್ಣ, ಸಿಲಿಕಾ, ಉಪ್ಪು ಎಲ್ಲ ತೊಟ್ಟಿಯಲ್ಲೇ. ಅದಕ್ಕೇ ಆಗಾಗ ಒಂದಿಷ್ಟು ದಪ್ಪ ನೀರನ್ನು ಹೊರಗೆ ಬಿಟ್ಟು ಹೊಸ ನೀರು ಸೇರಿಸುತ್ತಿರಬೇಕು. ಇದನ್ನೇ ಬ್ಲೋಡೌನ್ ಅನ್ನುತ್ತೇವೆ. ಈ ನೀರಿಗೆ ಮೂರು ಪಟ್ಟು ದಪ್ಪವಾದರೆ ಸಾಕಾಗಿತ್ತು. ಇಲ್ಲಿ ಏಳೂವರೆ ಪಟ್ಟು ಆಗಿತ್ತು. 45 ಇದ್ದ ಸಿಲಿಕಾ ಆ ಲೆಕ್ಕದಲ್ಲಿ 340 ಮುಟ್ಟಬೇಕು. 150ರ ಮೇಲಿನದೆಲ್ಲ ಎಲ್ಲಾದರೂ ಕೂರಲೇಬೇಕಲ್ಲ? ಟ್ಯೂಬಿನಲ್ಲಿ ಕೂತಿತು.

ಬ್ಲೋಡೌನ್ ವಾಲ್ ಹಿಡಿದು ತಿರುಗಿಸಿದೆ. ಪೂರ್ತಿ ಮುಚ್ಚಿತ್ತು. ಮುಚ್ಚಿದ್ದಷ್ಟೇ ಅಲ್ಲ, ಹಿಡಿಗೆ ಬೈಂಡಿಂಗ್ ತಂತಿ ಸುತ್ತಿ ಕಟ್ಟಿದ್ದರು.

ರಾತ್ರಿ ಶಿಫ್ಟಿನ ಆಪರೇಟರ್ ಇಪ್ಪತ್ತೈದರ ಹುಡುಗ, ಹತ್ತಿರದ ಹಳ್ಳಿಯವನು. ಮಾಲೀಕರು, ಮೇಂಟೆನೆನ್ಸ್‌ನವರು ಯಾರೂ ಇಲ್ಲದಾಗ ಕೇಳಿದೆ. ಎಲ್ಲರ ಮುಂದೆ ಕೇಳಿದ್ದರೆ ಹೇಳುತ್ತಿರಲಿಲ್ಲ.

"ನಾನೇ ಕಟ್ಟಿದ್ದು ಸಾರ್. ಫೆಬ್ರವರಿಯಾಗೆ ಒಂದು ಬೋರ್ ಬತ್ತಿತು. ಟ್ಯಾಂಕರ್ ತರಿಸೋಕೆ ಶುರು ಮಾಡಿದ್ರು. ಸಾಹುಕಾರ್ರು ಬಂದು ಒಂದು ಹನಿ ನೀರೂ ವೇಸ್ಟ್ ಆಗಬಾರದು ಅಂದ್ರು. ನೋಡಿದ್ರೆ ಈ ವಾಲಿಂದ ಹಗಲು ರಾತ್ರಿ ಚರಂಡಿಗೆ ಹೋಗ್ತಾ ಇತ್ತು. ನಮ್ಮನೇಲಿ ಅಮ್ಮ ನಾಲ್ಕು ಕೊಡಕ್ಕೆ ಎರಡು ಗಂಟೆ ನಿಲ್ತಾಳೆ ಸಾರ್. ನೋಡಿಕೊಂಡು ಸುಮ್ನಿರೋಕೆ ಆಗಲಿಲ್ಲ."

ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಆ ವಾಲ್ ಯಾಕೆ ತೆರೆದಿರಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದು ಒಂದೇ ಮಾತು, ನೀರು ಉಳಿಸು. ಅವನು ಉಳಿಸಿದ.

ಎಷ್ಟು ಉಳಿಸಿದ? ಟವರಿನಲ್ಲಿ ಗಂಟೆಗೆ 120 ಘನ ಮೀಟರ್ ನೀರು ತಿರುಗುತ್ತದೆ. ಆರು ಡಿಗ್ರಿ ತಣ್ಣಗಾಗಲು ಅದರಲ್ಲಿ ಸುಮಾರು ನೂರಕ್ಕೆ ಒಂದು ಭಾಗ ಆವಿಯಾಗುತ್ತದೆ. ಅಂದರೆ ಗಂಟೆಗೆ 1,200 ಲೀಟರ್. ಮೂರು ಪಟ್ಟಿನಲ್ಲಿ ನಿಲ್ಲಿಸಬೇಕಾದರೆ ಅದರ ಅರ್ಧ, 600 ಲೀಟರ್, ಹೊರಗೆ ಹೋಗಬೇಕು. ದಿನಕ್ಕೆ 14,400 ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ಸುಮಾರು ಎರಡೂವರೆ. ಟ್ಯಾಂಕರಿಗೆ 800 ರೂಪಾಯಿ ಕೊಟ್ಟರೂ 2,000 ರೂಪಾಯಿ. ಅತ್ತ ದಿನಕ್ಕೆ 24,000 ರೂಪಾಯಿಯ ಹೆಕ್ಸೇನ್ ಹಾರಿಹೋಗುತ್ತಿತ್ತು. ಈ ಎರಡು ಅಂಕಿಗಳನ್ನು ಹಾಳೆಯ ಮೇಲೆ ಪಕ್ಕಪಕ್ಕ ಬರೆದು ಮಾಲೀಕರ ಮುಂದೆ ಇಟ್ಟೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ಹುಡುಗನ್ನ ಏನೂ ಅನ್ನಬ್ಯಾಡ್ರಿ, ಹೇಳಿದ್ದು ನಾನೇ" ಅಂದರು. ನನಗೆ ಅವರ ಮೇಲೆ ಗೌರವ ಬಂದದ್ದು ಆಗ.

ಹೇಗೆ ತೊಳೆಯುವುದು

ದಾರಿ ಮೂರಿದ್ದವು. ಹೊಸ ಟ್ಯೂಬ್ ಬಂಡಲ್ ಹಾಕುವುದು: ಬರಲು ಎರಡು ತಿಂಗಳು, ಸೀಸನ್ ಮುಗಿದೇ ಹೋಗುತ್ತದೆ. ಎರಡನೆಯದನ್ನು ಅದೇ ಗುತ್ತಿಗೆದಾರರು ಸೂಚಿಸಿದರು. ಆ್ಯಸಿಡ್ಡಿಗೆ ಅಮೋನಿಯಂ ಬೈಫ್ಲೋರೈಡ್ ಬೆರೆಸಿದರೆ ಸಿಲಿಕಾ ಕರಗುತ್ತದೆ ಅಂತ. ಮಾತು ನಿಜ. ಆದರೆ ಅದು ಆ್ಯಸಿಡ್ ಸೇರಿದಾಗ ಹೈಡ್ರೋಫ್ಲೋರಿಕ್ ಆ್ಯಸಿಡ್ ಆಗುತ್ತದೆ. ಚರ್ಮದ ಮೇಲೆ ಬಿದ್ದರೆ ಮೊದಲು ಉರಿಯೂ ಗೊತ್ತಾಗದೆ ಎಲುಬಿನ ತನಕ ಇಳಿಯುತ್ತದೆ. ಹವಾಯಿ ಚಪ್ಪಲಿ ಹಾಕಿ ಆ್ಯಸಿಡ್ ತಿರುಗಿಸಿದವರ ಕೈಗೆ ಅದನ್ನು ಕೊಡುವ ಮಾತೇ ಇಲ್ಲ ಅಂದೆ. ಈ ವಿಷಯದಲ್ಲಿ ನಾನು ಯಾರ ಜೊತೆಗೂ ಚರ್ಚೆಗೆ ಕೂರುವುದಿಲ್ಲ.

ಹಿಡಿದದ್ದು ಮೂರನೇ ದಾರಿ. ನಿಧಾನದ್ದು, ಮೂರು ಹಂತದ್ದು. ಮೊದಲು ಬಿಸಿ ಕಾಸ್ಟಿಕ್ ಸೋಡಾ ನೀರು ತಿರುಗಿಸಿ ಸಿಲಿಕಾದ ಬಿಗಿ ಸಡಿಲಿಸುವುದು. ಆಮೇಲೆ ಸಲ್ಫಾಮಿಕ್ ಆ್ಯಸಿಡ್‌ನಲ್ಲಿ ಸುಣ್ಣ ತೆಗೆಯುವುದು. ಕೊನೆಗೆ ಹೈಡ್ರೋಜೆಟ್, ಅಂದರೆ ಭಾರೀ ಒತ್ತಡದ ನೀರಿನಿಂದ ಉಳಿದ ಸಿಪ್ಪೆಯನ್ನು ಕಿತ್ತು ತೆಗೆಯುವುದು.

ಆದರೆ ಅದಕ್ಕೂ ಮುಂಚೆ ಹೆಕ್ಸೇನ್ ಹೊರಗೆ ಹೋಗಬೇಕು. ಗಾಳಿಯಲ್ಲಿ ನೂರಕ್ಕೆ ಒಂದು ಭಾಗಕ್ಕಿಂತ ತುಸು ಹೆಚ್ಚು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಸಾಲ್ವೆಂಟ್ ಎಲ್ಲ ಖಾಲಿ ಮಾಡಿ, ಸ್ಟೀಮ್ ಬಿಟ್ಟು, ಆವಿ ಬರುವ ಲೈನಿಗೆ ವಾಲ್ ಮುಚ್ಚಿದ್ದು ಸಾಲದು ಅಂತ ಪೈಪು ಜೋಡಿಸುವ ಫ್ಲಾಂಜ್ ನಡುವೆ ಉಕ್ಕಿನ ತಟ್ಟೆ ಸೇರಿಸಿ ಬಂದ್ ಮಾಡಿದೆವು. ಮೊಬೈಲ್ ಎಲ್ಲ ಗೇಟಿನಲ್ಲಿ. ಸ್ಪ್ಯಾನರ್, ಸುತ್ತಿಗೆ ಕಿಡಿ ಹಾರದ ಹಿತ್ತಾಳೆ ಜಾತಿಯವು.

ಬೆಳಿಗ್ಗೆ 11ಕ್ಕೆ ಕಂಡೆನ್ಸರ್ ಹತ್ತಿರ ಗ್ಯಾಸ್ ಮೀಟರ್ ಸೊನ್ನೆ ತೋರಿಸಿತು. ಎಲ್ಲರೂ ಶುರು ಮಾಡೋಣ ಅಂದರು. ಮಾಮ ಮಾತ್ರ "ಕೆಳಗೆ ಗುಂಡಿಯಾಗೆ ನೋಡ್ರಿ ಸಾರ್" ಅಂದರು. ಹೆಕ್ಸೇನ್ ಆವಿ ಗಾಳಿಗಿಂತ ಮೂರು ಪಟ್ಟು ಭಾರ, ನೀರಿನ ಹಾಗೆ ತಗ್ಗಿಗೆ ಹರಿಯುತ್ತದೆ. ಸೆಪರೇಟರ್ ಪಕ್ಕದ ಗುಂಡಿಗೆ ಹಗ್ಗದಲ್ಲಿ ಮೀಟರ್ ಇಳಿಸಿದೆವು. ಮೊಣಕಾಲಿನ ಮಟ್ಟಕ್ಕೆ ಹೋಗುತ್ತಲೇ ಅದು ಕಿರುಚಿತು. ಆ ಗುಂಡಿ ಖಾಲಿ ಮಾಡಿ, ಗಾಳಿ ಹಾಯಿಸಿ, ಮತ್ತೆ ಸೊನ್ನೆ ಬರಲು ಸಂಜೆ 5 ಆಯಿತು. ಆರು ಗಂಟೆ ಹೋಯಿತು ಅಂತ ಯಾರೋ ಗೊಣಗಿದರು. ಹೋಗಲಿ ಬಿಡಿ.

ಕಾಸ್ಟಿಕ್ ಹನ್ನೆರಡು ಗಂಟೆ ತಿರುಗಿತು, 80 ಡಿಗ್ರಿಯಲ್ಲಿ. ಹೊರಬಂದ ನೀರು ಮಜ್ಜಿಗೆಯಂತೆ ಕದಡಿತ್ತು. ಚೆನ್ನಾಗಿ ತೊಳೆದು ಸಲ್ಫಾಮಿಕ್ ಆ್ಯಸಿಡ್ ಶುರು ಮಾಡಿದೆವು. ಜೊತೆಗೆ ಕಬ್ಬಿಣವನ್ನು ಕಾಯುವ ಇನ್ಹಿಬಿಟರ್. ಕೆಳಗಿನಿಂದ ಒಳಗೆ, ಮೇಲಿನಿಂದ ಹೊರಗೆ, ತುದಿಯ ವೆಂಟ್ ತೆರೆದೇ ಇಟ್ಟೆವು. ಒಂದು ಕೆ.ಜಿ. ಸುಣ್ಣ ಕರಗಿದರೆ ಸುಮಾರು 240 ಲೀಟರ್ ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಅದಕ್ಕೆ ದಾರಿ ಬೇಕು. ಸಲ್ಫಾಮಿಕ್ 60 ಡಿಗ್ರಿ ದಾಟಿದರೆ ಒಡೆಯುತ್ತದೆ, ಆದ್ದರಿಂದ 50ರಲ್ಲೇ ಇಟ್ಟೆವು.

ಅರ್ಧ ಗಂಟೆಗೊಮ್ಮೆ ಸ್ಯಾಂಪಲ್ ತೆಗೆದು, ಹನಿ ಹನಿಯಾಗಿ ಬಿಡುವ ಗಾಜಿನ ಕೊಳವೆ ಬ್ಯೂರೆಟ್‌ನಲ್ಲಿ ಆ್ಯಸಿಡ್ ಬಲ ಅಳೆಯುವ ಕೆಲಸವನ್ನು ರಾತ್ರಿ ಶಿಫ್ಟಿನ ಆ ಹುಡುಗನಿಗೇ ಕೊಟ್ಟೆ. ಮೊದಲು ಕೈ ನಡುಗುತ್ತಿತ್ತು. ನಾಲ್ಕನೇ ಸಲಕ್ಕೆ ಗುಲಾಬಿ ಬಣ್ಣ ಬರುವ ಕೊನೇ ಹನಿಯನ್ನು ಉಸಿರು ಹಿಡಿದು ಬಿಡುತ್ತಿದ್ದ. 6 ಪರ್ಸೆಂಟ್, 4.4, 3.1. ಎರಡು ಸಲ ಹೊಸ ಆ್ಯಸಿಡ್ ಸೇರಿಸಿದೆವು. ಕೊನೆಗೆ 4.2, 4.1, 4.1. ಬಲ ಇದೆ, ಆದರೆ ಖರ್ಚಾಗುತ್ತಿಲ್ಲ. ಸುಣ್ಣ ಮುಗಿದಿದ್ದು ಹೀಗೆ ಗೊತ್ತಾಗುತ್ತದೆ, ನೊರೆ ನೋಡಿ ಅಲ್ಲ. ಕೂಡಲೇ ನಿಲ್ಲಿಸಿ, ನೀರಿನಲ್ಲಿ ತೊಳೆದು, ಸೋಡಾ ನೀರು ತಿರುಗಿಸಿ ಉಳಿದ ಹುಳಿಯನ್ನು ಸಾಯಿಸಿದೆವು.

ಜೆಟ್ ಕೆಲಸ ಒಂದೂವರೆ ದಿನ. ಪ್ರತಿ ಟ್ಯೂಬ್ ಆದ ಮೇಲೆ ಮಾಮ ಹಿತ್ತಾಳೆ ಸರಳಿನಿಂದ ಮೆಲ್ಲಗೆ ತಟ್ಟಿ ಕಿವಿ ಕೊಡುತ್ತಿದ್ದರು. ಟಣ್ ಅಂದರೆ ಸೀಮೆಸುಣ್ಣದಲ್ಲಿ ಗುರುತು. ದಬ್ ಅಂದರೆ ಮತ್ತೊಮ್ಮೆ ಜೆಟ್. 220ರಲ್ಲಿ 9 ಟ್ಯೂಬು ಕೊನೆಗೂ ಟಣ್ ಅನ್ನಲಿಲ್ಲ. ತಳದ ಸಾಲಿನವು. ಅಲ್ಲಿ ನೀರಿನ ವೇಗ ಕಡಿಮೆ, ಕೆಸರು ಮೊದಲು ಕೂರುವುದೇ ಅಲ್ಲಿ. ಅವನ್ನು ಬಿಟ್ಟುಬಿಟ್ಟೆವು.

ವೆಂಟ್ ಕಂಡೆನ್ಸರ್‌ನ ಹೊರ ಕಡೆ ನೀರು ತುಂಬಿ ಸ್ವಲ್ಪ ಒತ್ತಡ ಕೊಟ್ಟು, ಟ್ಯೂಬಿನ ಬಾಯಿಗಳನ್ನು ಬಟ್ಟೆಯಲ್ಲಿ ಒರೆಸಿ ಕಾದೆವು. ಒಂದೊಂದಾಗಿ ಹನಿ ಮೂಡಿತು. ಹನ್ನೊಂದು ಟ್ಯೂಬು. ಎರಡೂ ಬದಿ ಮೊಳೆಯಂಥ ಪ್ಲಗ್ ಬಡಿದು ಮುಚ್ಚಿದೆವು. ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಮುಚ್ಚಬಾರದು ಅನ್ನುವುದು ಸಾಮಾನ್ಯ ಲೆಕ್ಕ. ಇದು ಅದನ್ನು ಸ್ವಲ್ಪ ದಾಟಿತ್ತು. ಮಾಲೀಕರಿಗೆ ಬರೆದೇ ಕೊಟ್ಟೆ: ಸೀಸನ್ ಮುಗಿಯುವ ತನಕ ಮಾತ್ರ, ಜೂನ್‌ನಲ್ಲಿ ಟ್ಯೂಬ್ ಬದಲಾಯಿಸಲೇಬೇಕು.

ಆಮೇಲೆ

ಶುರು ಮಾಡಿದ ಮಾರನೇ ದಿನ ವೆಂಟ್ 39 ಡಿಗ್ರಿ. ವಾರದ ಹೆಕ್ಸೇನ್ ಲೆಕ್ಕ ಟನ್‌ಗೆ 4.3 ಲೀಟರ್. ಎರಡು ವಾರದ ಮೇಲೆ 4.6ಕ್ಕೆ ಹೋಗಿ ಎಲ್ಲರಿಗೂ ಗಾಬರಿಯಾಯಿತು. ನೋಡಿದರೆ ತೊಟ್ಟಿಗೆ ಕ್ಲೋರಿನ್ ಹಾಕುವುದು ನಿಂತು ಪಾಚಿ ಬೆಳೆದಿತ್ತು. ಹಾಕಿದ ಮೇಲೆ ಇಳಿಯಿತು.

ನೀರು ಸಾಫ್ಟ್ ಮಾಡುವ ಯಂತ್ರ ಕೊಳ್ಳಿ ಅಂತ ಒಬ್ಬರು ಬಂದಿದ್ದರಂತೆ. ಬೇಡ ಅಂದೆ. ಸಾಫ್ಟ್‌ನರ್ ಸುಣ್ಣವನ್ನು ಹಿಡಿಯುತ್ತದೆ, ಸಿಲಿಕಾವನ್ನು ಬಿಟ್ಟುಬಿಡುತ್ತದೆ. ಅದರ ಬದಲು ಗೋಡೌನ್ ಚಾವಣಿಯ ನೀರು ಹಿಡಿಯಲು ಹೇಳಿದೆ. 1,000 ಚದರ ಮೀಟರ್ ಚಾವಣಿ, ವರ್ಷಕ್ಕೆ 400 ಮಿಲಿಮೀಟರ್ ಮಳೆ ಅಂತ ಹಿಡಿದರೂ ಹೆಚ್ಚೆಂದರೆ 4 ಲಕ್ಷ ಲೀಟರ್. ಸುಮಾರು 28 ದಿನದ ಬ್ಲೋಡೌನ್‌ಗೆ ಸಮ. ಪೂರ್ತಿ ಪರಿಹಾರವಲ್ಲ. ಆದರೆ ಮಳೆ ನೀರಿನಲ್ಲಿ ಸುಣ್ಣವೂ ಇಲ್ಲ, ಸಿಲಿಕಾವೂ ಇಲ್ಲ, ಬೋರ್ ನೀರಿಗೆ ಬೆರೆಸಿದರೆ ಎಲ್ಲ ತೆಳುವಾಗುತ್ತದೆ.

ಲಾಗ್‌ಬುಕ್ ಬದಲಾಯಿಸಿದೆವು. ಹದಿನಾಲ್ಕು ಕಾಲಂ ಇದ್ದದ್ದು ಈಗ ನಾಲ್ಕು: ನೀರು ಒಳಗೆ, ನೀರು ಹೊರಗೆ, ವೆಂಟ್, ತೊಟ್ಟಿಯ ಟಿಡಿಎಸ್. ಹದಿನಾಲ್ಕು ಇದ್ದಾಗ ಯಾರೂ ನೋಡದೆ ಬರೆಯುತ್ತಿದ್ದರು. ಬ್ಲೋಡೌನ್ ವಾಲಿನ ಪಕ್ಕದ ಗೋಡೆಗೆ ಮಾಮ ಕೆಂಪು ಪೇಂಟಿನಲ್ಲಿ "3,300 ದಾಟಿದರೆ ಬಿಡು, 2,800ಕ್ಕೆ ಕಟ್ಟು" ಅಂತ ಬರೆದರು. ಚರಂಡಿಯ ನೀರನ್ನು ಅಂಗಳದ ಧೂಳಿಗೆ ಚಿಮುಕಿಸುತ್ತಾರೆ. ತೆಂಗಿನ ಗಿಡಕ್ಕೆ ಬೇಡ ಅಂತ ಹೇಳಿದ್ದೇನೆ, ಅಷ್ಟು ಉಪ್ಪು ಮಣ್ಣಿಗೆ ಆಗುವುದಿಲ್ಲ.

ಜೂನ್‌ನಲ್ಲಿ ವೆಂಟ್ ಕಂಡೆನ್ಸರ್ ಬಿಚ್ಚಿದಾಗ ಪ್ಲಗ್ ಹಾಕಿದ್ದ ಒಂದು ಟ್ಯೂಬನ್ನು ಉದ್ದಕ್ಕೆ ಸೀಳಿಸಿದೆ. ಒಳಗೆ ಕನ್ನಡಿಯ ಹಾಗೆ ಹೊಳಪು, ನಡುನಡುವೆ ರಾಗಿ ಕಾಳಿನಷ್ಟು ಕಪ್ಪು ಚುಕ್ಕೆ. ಬೆಳಕಿಗೆ ಹಿಡಿದರೆ ಮೂರು ಚುಕ್ಕೆಯಲ್ಲಿ ಆಕಾಶ ಕಾಣುತ್ತಿತ್ತು. ಆ ತುಂಡು ಈಗ ನನ್ನ ಮೇಜಿನ ಮೇಲಿದೆ. ಯಾರಾದರೂ ಫೋನ್ ಮಾಡಿ "ಆ್ಯಸಿಡ್ ಹೊಡೆಸಲಾ?" ಅಂತ ಕೇಳಿದರೆ, ಮೊದಲು ಒಂದು ಹಕ್ಕಳೆ ಕಳಿಸಿ ಅನ್ನುತ್ತೇನೆ.

ಆಗಸ್ಟ್‌ನಲ್ಲಿ ಒಂದು ರಾತ್ರಿ ಹತ್ತೂವರೆಗೆ ಆ ಹುಡುಗನ ಫೋನ್ ಬಂತು. ಹಿಂದೆ ಮಳೆಯ ಸದ್ದು. "ಸಾರ್, ಚಾವಣಿ ನೀರು ತೊಟ್ಟಿಗೆ ಬರ್ತಾ ಇದೆ. ಟಿಡಿಎಸ್ 1,900 ತೋರಿಸ್ತಿದೆ. ವಾಲ್ ಕಟ್ಟಲಾ?"

ಕಟ್ಟು ಅಂದೆ.